ಎರಡು ಬಾಟಲಿ ಉಬ್ಬಸದ ಔಷಧಿ

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಅವಳ ತೋಳು ಹಿಡಿದುಕೊಂಡಿದ್ದಳು. ಅಳುತ್ತಿದ್ದವಳು ನದಿ ದಂಡೆಯ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹಿಡಿದುಕೊಂಡವಳು ಅದೇ ವಠಾರದ ಮಹಡಿಯಲ್ಲಿ ಬಟ್ಟೆ ಹೊಲಿದುಕೊಂಡು ಒಂಟಿಯಾಗಿ ಬದುಕುವವಳು. ಲಾಂಡ್ರಿಯವಳ ಮಗಳು, ಹತ್ತು ವರ್ಷದ ಗುಬ್ಬಿ, ನಿನ್ನೆ ಶಾಲೆ ಬಿಟ್ಟ ಮೇಲೆ ಮನೆಗೆ ಬಂದಿರಲಿಲ್ಲ. ಗುಬ್ಬಿ ಎನ್ನುವುದು ವಠಾರದವರು ಇಟ್ಟ ಹೆಸರು. ಒಂದು ಕಡೆ ಕೂರುವ ಮಗು ಅಲ್ಲವಂತೆ ಅದು.

ಮೇಜಿನ ಹಿಂದೆ ಇದ್ದವಳು ದಫೇದಾರಮ್ಮ. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಠಾಣೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅಳುವವರನ್ನು ನೋಡಿ ನೋಡಿ ಈ ಹೆಂಗಸು ಕಲ್ಲಾಗಿದ್ದಾಳೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಶುದ್ಧ ಸುಳ್ಳು. ಮಗು ಕಾಣೆಯಾದ ದೂರು ಬಂದ ದಿನ ಅವಳಿಗೆ ಅನ್ನ ಸೇರುವುದಿಲ್ಲ, ಮನೆಯಲ್ಲಿ ಗಂಡ ಮಾತಾಡಿಸಿದರೆ ಸಿಡುಕುತ್ತಾಳೆ. ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಕೇಳಲು ಶುರುಮಾಡಿದಳು.

"ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ನಾನೇ ತಲೆ ಬಾಚಿ ಕಳಿಸಿದೆ."

"ಸಂಜೆ ನೀವೆಲ್ಲಿದ್ರಿ?"

"ಡ್ಯೂಟೀಲಿ. ಬರೋಷ್ಟರಲ್ಲಿ ಒಂಬತ್ತು ಹೊಡೆದಿತ್ತು. ಮೇಲೆ ಅಕ್ಕನ ಮನೇಲಿ ಇರ್ತಾಳೆ ಅಂದ್ಕೊಂಡೆ. ದಿನಾ ಅಲ್ಲೇ ತಾನೇ ಇರೋದು, ಎಷ್ಟೋ ಸಲ ಅಲ್ಲೇ ಮಲಗ್ತಾಳೆ. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಇರ್ಲಿಲ್ಲ."

ದಫೇದಾರಮ್ಮ ಹೊಲಿಗೆಯವಳ ಕಡೆ ತಿರುಗಿದಳು. ನಿನ್ನೆ ಮಗು ಮೇಲೆ ಬರಲೇ ಇಲ್ಲ, ಅಮ್ಮ ಬೇಗ ಬಂದಿರಬೇಕು ಅಂದುಕೊಂಡೆ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಹೇಳುವಾಗಲೂ ಲಾಂಡ್ರಿಯವಳ ಬೆನ್ನು ಸವರುವುದನ್ನು ಬಿಟ್ಟಿರಲಿಲ್ಲ. ಇಂಥ ನೆರೆಯವರು ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ದಫೇದಾರಮ್ಮನಿಗೆ ಅನ್ನಿಸಿತು.

ಇನ್‌ಸ್ಪೆಕ್ಟರ್ ಸಾಹೇಬರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಮಕ್ಕಳ ವಿಷಯದಲ್ಲಿ ತಡಮಾಡುವ ಮನುಷ್ಯ ಅಲ್ಲ. ಅಪಹರಣವೆಂದೇ ಎಫ್‌ಐಆರ್ ದಾಖಲಾಯಿತು. ಕೂಡಲೇ ಆಚೆ ದಡಕ್ಕೂ ಸಂದೇಶ ಹೋಗಬೇಕಿತ್ತು. ನದಿಯ ಈಚೆ ದಡ ಒಂದು ಸರ್ಕಾರದ್ದು, ಆಚೆ ದಡ ಇನ್ನೊಂದರದ್ದು, ಕೆಳಗೆ ನದಿ ಕಡಲು ಸೇರುವ ಅಳಿವೆ ದಾಟಿದರೆ ಮೂರನೆಯದು. ಹಿಂದೆಲ್ಲ ಈ ಠಾಣೆಯ ಕಾಗದ ಈಚೆಯ ರಾಜಧಾನಿಗೆ ಹತ್ತಿ, ಆಚೆಯ ರಾಜಧಾನಿಗೆ ಹಾರಿ, ಎದುರು ದಡದ ಠಾಣೆಗೆ ಇಳಿಯಬೇಕಿತ್ತು. ಅಷ್ಟರಲ್ಲಿ ಕಳೆದುಹೋದ ಹುಡುಗನಿಗೆ ಮೀಸೆ ಬಂದಿರುತ್ತಿತ್ತು ಎಂದು ಸಾಹೇಬರು ಹೇಳುತ್ತಾರೆ. ಹೋದ ವರ್ಷ ಮೂರೂ ಕಡೆಯವರು ಕೂತು ಒಂದು ಒಪ್ಪಂದಕ್ಕೆ ಬಂದರು. ಒಂದು ಕಡೆ ಎಫ್‌ಐಆರ್ ಆದರೆ ಉಳಿದೆರಡು ಕಡೆಯವರು ಫೋನಿನ ಮೇಲೇ ಹುಡುಕಲು ಇಳಿಯಬೇಕು. ದೂರು ಬರೆದುಕೊಂಡ ಠಾಣೆಯಿಂದ ಇಬ್ಬರು ಜೊತೆಗೆ ಹೋಗಬಹುದು, ಆದರೆ ಕೈಯಲ್ಲಿ ಲಾಠಿಯಿಲ್ಲದೆ, ಅತಿಥಿಗಳ ಹಾಗೆ.

ಸ್ಥಳ ಪಂಚನಾಮೆಗೆ ದಫೇದಾರಮ್ಮ ವಠಾರಕ್ಕೆ ಹೋದಳು. ಜೊತೆಗೆ ರೇಡಿಯೋ ಎಂಬ ಅಡ್ಡಹೆಸರಿನ ಕಾನ್‌ಸ್ಟೇಬಲ್ ಇದ್ದ. ಒಮ್ಮೆ ಬಾಯಿ ತೆರೆದರೆ ಆರಿಸುವ ಗುಂಡಿ ಇಲ್ಲ ಎಂದು ಆ ಹೆಸರು. ಲಾಂಡ್ರಿಯವಳದು ಕೆಳಗಿನ ಮನೆ. ಒಂದೇ ಕೋಣೆ, ಒಂದು ಮಂಚ, ಮೂಲೆಯಲ್ಲಿ ಸ್ಟೌ, ಹಗ್ಗದ ಮೇಲೆ ಮಗುವಿನ ಎರಡು ಫ್ರಾಕು. ಕಿಟಕಿಯ ಕಟ್ಟೆಯ ಮೇಲೆ ಒಂದು ಔಷಧಿ ಬಾಟಲಿ ಇತ್ತು. ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು, ಚೀಟಿ ಸವೆದು ಅಕ್ಷರ ಹೋಗಿತ್ತು. ಅದನ್ನು ನೋಡಿದ್ದೇ ಲಾಂಡ್ರಿಯವಳು ಕುಸಿದು ಕೂತಳು. ಗುಬ್ಬಿಗೆ ಉಬ್ಬಸ. ಥಂಡಿ ಹತ್ತಿದರೆ ಎದೆ ಸಿಳ್ಳೆ ಹಾಕುತ್ತದೆ, ಬೆಳಿಗ್ಗೆ ಎರಡು ಚಮಚ, ಮಲಗುವಾಗ ಎರಡು ಚಮಚ ತಪ್ಪುವಂತಿಲ್ಲ.

"ಔಷಧಿ ಇಲ್ಲೇ ಇದೆ," ಅಂದಳು. "ಅವಳ ಹತ್ರ ಏನೂ ಇಲ್ಲ."

ಔಷಧಿಯ ಹೆಸರೂ ಸಂದೇಶದಲ್ಲಿ ಇರಲಿ, ಆಚೆಯವರು ಆಸ್ಪತ್ರೆ, ಔಷಧಿ ಅಂಗಡಿಗಳಲ್ಲಿ ವಿಚಾರಿಸಬಹುದು ಎಂದು ದಫೇದಾರಮ್ಮ ಬಾಟಲಿ ಹಿಡಿದು ಬೀದಿ ತಿರುವಿನ ಔಷಧಿ ಅಂಗಡಿಗೆ ನಡೆದಳು. ಅಂಗಡಿಯವನು ಬಾಟಲಿಯ ಆಕಾರ ನೋಡಿಯೇ ಹೆಸರು ಬರೆದುಕೊಟ್ಟ. ಆಮೇಲೆ ಸಮಾಧಾನ ಹೇಳುವವನ ಹಾಗೆ, ಹೆದರಬೇಡಿ ಮೇಡಂ, ಮಗುವಿನ ಹತ್ತಿರ ಹೊಸದು ಇರಬೇಕು, ಭಾನುವಾರ ಮಹಡಿ ಮನೆ ಹೊಲಿಗೆಯಮ್ಮ ಬಂದು ಎರಡು ಬಾಟಲಿ, ಉಸಿರಿನೊಂದಿಗೆ ಎಳೆದುಕೊಳ್ಳುವ ಒಂದು ಪಂಪು ತೆಗೆದುಕೊಂಡು ಹೋದರು, ಕೆಳಗಿನವಳಿಗೆ ಪಾಪ ಪುರುಸೊತ್ತಿಲ್ಲ ಅಂದರು ಎಂದ.

ಪುಣ್ಯಾತ್ಗಿತ್ತಿ, ಎಷ್ಟು ಕಾಳಜಿ ಎಂದುಕೊಂಡೇ ದಫೇದಾರಮ್ಮ ಅಂಗಡಿಯ ಮೆಟ್ಟಿಲಿಳಿದಳು. ಹತ್ತು ಹೆಜ್ಜೆ ನಡೆದ ಮೇಲೆ ಕಾಲು ನಿಂತಿತು. ಹೊಸ ಬಾಟಲಿ ಮನೆಯಲ್ಲಿರಲಿಲ್ಲ. ಹಿಂದಿರುಗಿ ಲಾಂಡ್ರಿಯವಳನ್ನು ಕೇಳಿದಳು. ನಾನು ಯಾರಿಗೂ ತರಲು ಹೇಳಿಲ್ಲ, ಹೇಗೂ ನಾಳೆ ಸಂಬಳ, ನಾನೇ ತರುತ್ತಿದ್ದೆ ಎಂದಳು ಅವಳು. ಮಗು ಕಾಣೆಯಾಗುವುದಕ್ಕೆ ಮುಂಚೆಯೇ ಅದು ದೂರ ಹೋಗುತ್ತದೆಂದು ಗೊತ್ತಿದ್ದವರು ಮಾತ್ರ ಎರಡೆರಡು ಬಾಟಲಿ ಕೊಳ್ಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ದಫೇದಾರಮ್ಮ ಬೇಕಾದಷ್ಟು ನೋಡಿದ್ದಳು. ಆದರೆ ಮೇಯುವ ಬೇಲಿ ಉಬ್ಬಸಕ್ಕೆ ಔಷಧಿ ಕೊಳ್ಳುವುದನ್ನು ನೋಡಿರಲಿಲ್ಲ.

ಸಾಹೇಬರಿಗೆ ಫೋನು ಮಾಡಿದಳು. ಎಳೆದುಕೊಂಡು ಬಾ ಅವಳನ್ನ ಎಂದು ಅವರು ಗುಡುಗಿದರು. ಸ್ವಲ್ಪ ತಡೆಯಿರಿ ಸಾರ್, ಹೆದರಿ ಬಾಯಿ ಕಚ್ಚಿಕೊಂಡರೆ ಮಗು ಕೈತಪ್ಪುತ್ತದೆ, ಮೊದಲು ನದಿ ದಾಟಿಸುವ ಲಾಂಚ್ ಕಟ್ಟೆಯ ಕ್ಯಾಮೆರಾ ನೋಡೋಣ ಎಂದಳು. ರೇಡಿಯೋ ಕಟ್ಟೆಗೆ ಓಡಿದ. ಮಧ್ಯಾಹ್ನದೊಳಗೆ ಚಿತ್ರ ಸಿಕ್ಕಿತು. ಸೋಮವಾರ ಸಂಜೆಯ ಲಾಂಚಿಗೆ ಗುಬ್ಬಿ ಹತ್ತುತ್ತಿದ್ದಾಳೆ. ಮೈಮೇಲೆ ಶಾಲೆಯ ಬಟ್ಟೆಯಿಲ್ಲ, ಹೊಸ ಹಳದಿ ಫ್ರಾಕು. ಒಬ್ಬ ಗಂಡಸಿನ ಬೆರಳು ಹಿಡಿದುಕೊಂಡು, ಕುಣಿಯುತ್ತ, ಅವನಿಗೆ ಏನೋ ಹೇಳುತ್ತ ಹೋಗುತ್ತಿದ್ದಾಳೆ. ಅತ್ತು ರಚ್ಚೆ ಹಿಡಿದಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ನಗುವ ಮಗುವನ್ನು ಯಾರು ತಡೆಯುತ್ತಾರೆ.

ಚಿತ್ರ ಕಳಿಸಿದ ಸ್ವಲ್ಪ ಹೊತ್ತಿಗೆ ಆಚೆ ದಡದ ಠಾಣೆಯಿಂದ ಫೋನು ಬಂತು. ಅಲ್ಲಿಯ ಇನ್‌ಸ್ಪೆಕ್ಟರೂ ಹೆಂಗಸೇ, ಇಲ್ಲಿಯವರು ಅವರನ್ನು ಆಚೆ ಮೇಡಂ ಎನ್ನುತ್ತಾರೆ. ಆ ಗಂಡಸಿನ ಮುಖ ಅವರಿಗೆ ಗೊತ್ತಿತ್ತು. ಮಕ್ಕಳ ಬಾಯಲ್ಲಿ ಮಾಮ ಅನ್ನಿಸಿಕೊಳ್ಳುವ ಏಜೆಂಟು, ಸಿಗಡಿ ಸುಲಿಯುವ ಶೆಡ್ಡುಗಳಿಗೆ ಮಕ್ಕಳನ್ನು ಒದಗಿಸುತ್ತಾನೆಂದು ಅನುಮಾನ, ಸಾಕ್ಷಿ ಸಿಕ್ಕಿರಲಿಲ್ಲ.

"ನಮ್ಮ ದಡದ ಉದ್ದಕ್ಕೂ ಶೆಡ್ಡುಗಳೇ," ಎಂದರು ಆಚೆ ಮೇಡಂ. "ತಪ್ಪು ಬಾಗಿಲು ಬಡಿದರೆ ಮುಗೀತು. ಉಳಿದೋರೆಲ್ಲ ಮಕ್ಕಳನ್ನ ದೋಣಿಗೆ ಹತ್ತಿಸಿ ಅಳಿವೆ ಆಚೆ ಸಾಗಿಸಿಬಿಡ್ತಾರೆ. ಯಾವ ಶೆಡ್ಡು ಅಂತ ಹೇಳಿ, ಇವತ್ತೇ ನುಗ್ತೀನಿ."

ಯಾವ ಶೆಡ್ಡು ಎಂದು ಹೇಳಬಲ್ಲವಳು ಈ ದಡದಲ್ಲಿ ಒಬ್ಬಳೇ.

ದಫೇದಾರಮ್ಮ ಮಹಡಿ ಹತ್ತಿ ಹೋದಳು. ಹೊಲಿಗೆಯವಳ ಕೋಣೆ ಗುಡಿಸಿ ಒರೆಸಿ ಅಚ್ಚುಕಟ್ಟಾಗಿತ್ತು. ಮಂಚಕ್ಕೆ ಹೊಸ ಹೊದಿಕೆ ಹಾಸಿತ್ತು, ಒಲೆಯ ಮೇಲೆ ಒಂಟಿ ಜೀವಕ್ಕೆ ಹೆಚ್ಚಾಗುವಷ್ಟು ಅನ್ನ. ಅವಳಿಗೊಬ್ಬ ಮಗಳಿದ್ದಾಳೆ, ದೂರದ ನೆಂಟರ ಮನೆಯಲ್ಲಿ ಓದುತ್ತಿದ್ದಾಳೆ ಎಂದು ವಠಾರಕ್ಕೆಲ್ಲ ಗೊತ್ತು. ಮಿಷನ್ನಿನ ಕೆಳಗೆ ಹಳದಿ ಬಟ್ಟೆಯ ಚೂರುಗಳು ಇನ್ನೂ ಬಿದ್ದಿದ್ದವು. ದಫೇದಾರಮ್ಮ ಅವುಗಳ ಮಾತೆತ್ತಲಿಲ್ಲ.

"ಔಷಧಿ ಯಾರಿಗೆ ತಗೊಂಡ್ರಿ?"

ಹೊಲಿಗೆಯವಳು ಮಂಚದ ಹೊದಿಕೆ ಸರಿಪಡಿಸಿದಳು.

"ಭಾನುವಾರ. ಎರಡು ಬಾಟ್ಲಿ, ಒಂದು ಪಂಪು. ಯಾರಿಗೆ?"

ಅವಳ ಕೈ ಹೊದಿಕೆಯ ಮೇಲೆಯೇ ನಿಂತಿತು.

"ಅಲ್ಲಿ ಥಂಡಿ ಜಾಸ್ತಿ ಅಂತಿದ್ರು," ಅಂದಳು.

"ಎಲ್ಲಿ?"

"ಇವತ್ತು ಸಂಜೆವರೆಗೂ ಸುಮ್ನಿರಿ ಮೇಡಂ. ಕೈ ಮುಗೀತೀನಿ. ಐದೂವರೆ ಲಾಂಚಿಗೆ ನನ್ನ ಮಗಳನ್ನ ಕಳಿಸ್ತೀನಿ ಅಂದಿದಾನೆ. ಅವಳು ಈ ದಡಕ್ಕೆ ಕಾಲಿಟ್ಟ ತಕ್ಷಣ ಎಲ್ಲಾ ಹೇಳ್ತೀನಿ. ಆಮೇಲೆ ನೀವು ಏನ್ ಬೇಕಾದ್ರೂ ಮಾಡಿ ನನ್ನ."

ಮಾತು ಒಮ್ಮೆ ಹೊರಬಿದ್ದ ಮೇಲೆ ಉಳಿದದ್ದೂ ತಾನಾಗಿ ಬಂತು. ನಾಲ್ಕು ವರ್ಷದ ಹಿಂದೆ ಇದೇ ಮಾಮ ಅವಳ ಮನೆಗೂ ಬಂದಿದ್ದ. ಆಚೆ ದಡದಲ್ಲಿ ಒಳ್ಳೆಯ ಮನೆ, ಕೂಸು ನೋಡಿಕೊಳ್ಳುವ ಕೆಲಸ, ಸಂಜೆ ಶಾಲೆಗೂ ಕಳಿಸುತ್ತಾರೆ ಎಂದಿದ್ದ. ಗಂಡ ಸತ್ತು ಆರು ತಿಂಗಳಾಗಿತ್ತು. ಹನ್ನೊಂದು ವರ್ಷದ ಮಗಳನ್ನು ಅವಳೇ ಲಾಂಚು ಹತ್ತಿಸಿ, ಕೈಬೀಸಿ ಕಳಿಸಿದ್ದಳು. ಎರಡು ತಿಂಗಳು ಸುದ್ದಿಯಿಲ್ಲ. ಈ ಠಾಣೆಗೆ ಬಂದಳು, ನೀನೇ ಕಳಿಸಿದ್ದೀಯ, ಹುಡುಗಿ ಇರುವುದು ಆಚೆ, ಅಲ್ಲಿ ಹೋಗಿ ದೂರು ಕೊಡು ಎಂದರು. ಆಚೆ ಹೋದಳು, ಹುಡುಗಿ ನಿಮ್ಮ ದಡದವಳು, ಅಲ್ಲಿ ಬರೆಸಿಕೊಂಡು ಬಾ ಎಂದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ನಡುವೆ ಸಿಕ್ಕವಳು ತಾಯಿ. ಹಾಗೆ ಓಡಾಡಿ ಓಡಾಡಿ ಒಂದು ದಿನ ಸುಮ್ಮನಾದಳು. ಕೇಳಿದವರಿಗೆ, ಮಗಳು ನೆಂಟರ ಮನೆಯಲ್ಲಿ ಓದುತ್ತಿದ್ದಾಳೆ ಎನ್ನತೊಡಗಿದಳು. ದಿನಾ ಹೇಳಿ ಹೇಳಿ ಕೆಲವು ದಿನ ತಾನೂ ನಂಬಿಬಿಡುತ್ತಿದ್ದಳಂತೆ.

ಹೋದ ತಿಂಗಳು ಮಾಮ ಮತ್ತೆ ಕಾಣಿಸಿಕೊಂಡ. ಸಿಗಡಿ ಸುಲಿಯಲು ಚಿಕ್ಕ ಬೆರಳು ಬೇಕು, ನಿನ್ನ ಮಗಳ ಬೆರಳು ದೊಡ್ಡದಾಗಿದೆ, ಒಂದು ಚಿಕ್ಕದನ್ನು ಕೊಟ್ಟರೆ ನಿನ್ನದನ್ನು ವಾಪಸು ಕಳಿಸುತ್ತೇನೆ ಎಂದ. ಅವಳು ನಂಬಲಿ ಎಂದು ಮಗಳಿರುವ ಶೆಡ್ಡಿನ ಗುರುತನ್ನೂ ಹೇಳಿದ. ಅವಳಿಗೆ ಗೊತ್ತಿದ್ದ ಚಿಕ್ಕ ಬೆರಳು ಗುಬ್ಬಿಯದೊಂದೇ.

ದಫೇದಾರಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಲೆ ಸವರಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಅವನು ಕಳಿಸಲ್ಲ," ಅಂದಳು.

"ನಿಮಗೇನ್ ಗೊತ್ತು?"

"ಇಂಥೋರನ್ನ ನೋಡಿದೀನಿ."

"ನಾನು ನಿಮ್ಮಂಥೋರನ್ನ ನೋಡಿದೀನಿ. ಎರಡೂ ದಡದಲ್ಲಿ. ಅವನಾದ್ರೂ ಒಂದು ಮಾತು ಅಂತ ಕೊಟ್ಟಿದಾನೆ. ನೀವು ಬರ್ಕೊಳ್ಳಲೂ ಇಲ್ಲ."

ಕೆಳಗಿನ ಮನೆಯಲ್ಲಿ ಲಾಂಡ್ರಿಯವಳು ಅಳುವುದು ನೆಲದ ಹಲಗೆಯ ಸಂದಿನಿಂದ ಕೇಳುತ್ತಿತ್ತು.

"ರಾತ್ರಿ ಗುಬ್ಬಿಗೆ ಔಷಧಿ ಯಾರು ಕೊಡ್ತಾರೆ?" ಎಂದು ದಫೇದಾರಮ್ಮ ಕೇಳಿದಳು.

"ಅವಳಿಗೇ ಹೇಳಿದೀನಿ. ಜಾಣೆ ಅವಳು. ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ."

"ಚಮಚ ಇಟ್ಟಿದೀರಾ?"

ಹೊಲಿಗೆಯವಳು ಗೂಡಿನ ಕಡೆ ನೋಡಿದಳು. ಚಮಚ ಅಲ್ಲೇ ಇತ್ತು. ತಿಂಗಳಿಡೀ ಗಟ್ಟಿಮಾಡಿಕೊಂಡಿದ್ದ ಮನಸ್ಸು ಆ ಒಂದು ಚಮಚಕ್ಕೆ ಒಡೆದುಹೋಯಿತು. ಮುಖ ಮುಚ್ಚಿಕೊಂಡು, ಐಸ್ ಕಾರ್ಖಾನೆ ಹಿಂದೆ, ನೀಲಿ ಬಾಗಿಲು, ನೀರಿನ ಕಡೆಗೂ ಒಂದು ಬಾಗಿಲಿದೆ ಎಂದಳು. ಆಮೇಲೆ ಅವಳ ಅಳು ಕೆಳಗಿನವಳ ಅಳುವಿಗಿಂತ ಜೋರಾಯಿತು.

ಲಾಂಚ್ ಕಟ್ಟೆಯ ಮೇಲೆ ಸಂಜೆಯವರೆಗೂ ಕಾವಲಿರುತ್ತದೆ, ಮಗಳು ಬಂದರೆ ಮೊದಲು ನಿನಗೇ ತಿಳಿಸುತ್ತೇನೆ ಎಂದು ದಫೇದಾರಮ್ಮ ಹೇಳಿ, ಅವಳನ್ನು ಠಾಣೆಗೆ ಕಳಿಸಿದಳು. ತಾನೂ ರೇಡಿಯೋನೂ ಪೊಲೀಸ್ ದೋಣಿಯಲ್ಲಿ ನದಿ ದಾಟಿದರು.

ಆಚೆ ಮೇಡಂ ಎತ್ತರದ, ಕಡಿಮೆ ಮಾತಿನ ಹೆಂಗಸು. ನೀರಿನ ಕಡೆಯ ಬಾಗಿಲಿಗೆ ಮೊದಲೇ ದೋಣಿ ನಿಲ್ಲಿಸಿದ್ದರು. ನೀಲಿ ಬಾಗಿಲು ಎರಡನೆಯ ಒದೆತಕ್ಕೆ ತೆರೆದುಕೊಂಡಿತು. ಒಳಗೆ ಐಸಿನ ತಣ್ಣನೆ ವಾಸನೆ, ಸಿಗಡಿಯ ಮುಗ್ಗು, ಪಾದ ಮುಳುಗುವಷ್ಟು ನೀರು. ತೊಟ್ಟಿಗಳ ಸುತ್ತ ಮಣೆ ಹಾಕಿಕೊಂಡು ಎಂಟು ಮಕ್ಕಳು ಕೂತಿದ್ದವು. ಪೊಲೀಸರನ್ನು ನೋಡಿಯೂ ಅವುಗಳ ಕೈ ನಿಲ್ಲಲಿಲ್ಲ. ನಿಲ್ಲಿಸಬಹುದು ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಕೆಲವದರಲ್ಲಿ ಉಗುರಿರಲಿಲ್ಲ. ರೇಡಿಯೋ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ಗುಬ್ಬಿ ಗೋಣಿಚೀಲಗಳ ಮೇಲೆ ಮುದುಡಿ ಕೂತಿದ್ದಳು. ಎದೆ ಸಿಳ್ಳೆ ಹಾಕುತ್ತಿತ್ತು. ಬಾಟಲಿ ತೊಡೆಯ ಮೇಲಿತ್ತು, ಅದರ ಮುಚ್ಚಳದಲ್ಲೇ ಅಳೆದು ಕುಡಿದಿದ್ದಳಂತೆ. ದಫೇದಾರಮ್ಮ ಅವಳನ್ನು ಎತ್ತಿಕೊಂಡು, ಪಕ್ಕದಲ್ಲಿದ್ದ ಪಂಪನ್ನು ಬಾಯಿಗೆ ಹಿಡಿದು, ಉಸಿರು ಹದಕ್ಕೆ ಬರುವವರೆಗೆ ಬೆನ್ನು ತಟ್ಟಿದಳು.

"ಅಕ್ಕ ಇಲ್ಲಿಲ್ಲ ಆಂಟಿ," ಅಂದಿತು ಮಗು, ಮಾತು ಬಂದ ಕೂಡಲೇ.

"ಯಾವ ಅಕ್ಕ?"

"ಮೇಲ್ಮನೆ ಅಕ್ಕ. ಅತ್ತೆ ಹೇಳಿದ್ರು, ಅಕ್ಕ ಇಲ್ಲಿದಾಳೆ, ಕರ್ಕೊಂಡ್ ಬಾ ಅಂತ. ಅಮ್ಮಂಗೆ ಹೇಳ್ಬೇಡ, ಇಬ್ರೂ ಬಂದು ಸರ್ಪ್ರೈಸ್ ಮಾಡೋಣ ಅಂತ. ನಾನು ಎಲ್ರನ್ನೂ ಕೇಳ್ದೆ. ಇಲ್ವೇ ಇಲ್ಲ."

ಲಾಂಚು ಹತ್ತುವಾಗ ಮಗು ಕುಣಿಯುತ್ತ ಹೋದದ್ದು ಯಾಕೆ ಎಂದು ದಫೇದಾರಮ್ಮನಿಗೆ ಆಗ ತಿಳಿಯಿತು.

ಮಾಮ ಹಿಂಬಾಗಿಲಲ್ಲೇ ಸಿಕ್ಕಿದ್ದ. ಪಂಚರ ಎದುರು ಪಂಚನಾಮೆ ನಡೆಯುತ್ತಿರುವಾಗಲೇ ಆಚೆ ಮೇಡಂ ಅವನನ್ನು ಕೇಳಿದರು. ದಫೇದಾರಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು.

"ಇವಳ ಬದಲಿಗೆ ಬಿಡ್ತೀನಿ ಅಂದ ಹುಡುಗಿ ಎಲ್ಲಿ?"

"ಯಾವಳು?"

"ಹೊಲಿಗೆಯವಳ ಮಗಳು."

"ಅವಳಾ. ಅವಳನ್ನ ಹೋದ ವರ್ಷಾನೇ ಅಳಿವೆ ಆಚೆಯೋರಿಗೆ ಕೊಟ್ಟಾಯ್ತಲ್ಲ."

"ಮತ್ತೆ ಆ ತಾಯಿಗೆ ಮಾತು ಕೊಟ್ಟಿದ್ದು?"

"ಮಾತು ತಾನೇ ಮೇಡಂ," ಎಂದ ಅವನು.

ಆಚೆ ಯಾರಿಗೆ, ಯಾವ ಊರಿಗೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ನಡುನೀರಿನಲ್ಲಿ ದೋಣಿಯಿಂದ ದೋಣಿಗೆ ದಾಟಿಸಿದ್ದಷ್ಟೇ. ಆಚೆ ಮೇಡಂ ಅವನಿಗೆ ಬೇಡಿ ಹಾಕಿಸಿದರು. ಎಂಟು ಮಕ್ಕಳನ್ನು ತಮ್ಮ ಆಸ್ಪತ್ರೆಗೆ ಕಳಿಸಿ, ಗುಬ್ಬಿಯ ಹಸ್ತಾಂತರಕ್ಕೆ ಅಲ್ಲೇ ನಿಂತು ಸಹಿ ಮಾಡಿದರು. ಹಿಂದಾಗಿದ್ದರೆ ಅದೊಂದು ಸಹಿಗೆ ಮೂರು ತಿಂಗಳು ಹಿಡಿಯುತ್ತಿತ್ತು.

ಈಚೆ ಕಟ್ಟೆಗೆ ದೋಣಿ ಬಂದಾಗ ಐದೂವರೆಯ ಲಾಂಚೂ ಆಗತಾನೇ ಬಂದು ನಿಂತಿತ್ತು. ಲಾಂಡ್ರಿಯವಳು ನೀರಿನ ಅಂಚಿಗೇ ಬಂದು ನಿಂತಿದ್ದಳು. ಸ್ವಲ್ಪ ಹಿಂದೆ, ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ, ಹೊಲಿಗೆಯವಳಿದ್ದಳು. ಅವಳನ್ನು ಅಲ್ಲಿಗೆ ಕರೆತರಲು ಹೇಳಿದ್ದು ಸಾಹೇಬರೇ. ಬಾಯಿ ಗಡಸಾದರೂ ಆ ಮನುಷ್ಯನ ಹೊಟ್ಟೆಯಲ್ಲಿ ಕರುಳಿತ್ತು. ಲಾಂಡ್ರಿಯವಳು ಮಗುವನ್ನು ದಫೇದಾರಮ್ಮನ ತೋಳಿನಿಂದ ಕಿತ್ತುಕೊಂಡು ಅಲ್ಲೇ ಕೂತುಬಿಟ್ಟಳು. ಹೊಲಿಗೆಯವಳು ಗುಬ್ಬಿಯನ್ನು ನೋಡಿದಳು, ಆಮೇಲೆ ಗುಬ್ಬಿಯ ಹಿಂದೆ ನೋಡಿದಳು. ಲಾಂಚಿನಿಂದ ಇಳಿದವರ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಇಳಿದು, ಹಗ್ಗ ಬಿಚ್ಚಿ, ಲಾಂಚು ತಿರುಗಿದ ಮೇಲೂ ನೋಡುತ್ತಲೇ ಇದ್ದಳು. ದಫೇದಾರಮ್ಮ ಹತ್ತಿರ ಹೋಗಿ, ತಾನು ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದಳು.

ಲಾಂಡ್ರಿಯವಳು ಎದ್ದು ಬಂದಳು. ಹೊಡೆಯುತ್ತಾಳೆಂದು ಕಾನ್‌ಸ್ಟೇಬಲ್ ಅಡ್ಡ ಬಂದ. ಅವಳು ಹೊಡೆಯಲಿಲ್ಲ.

"ನಂಗೆ ಒಂದು ಮಾತು ಹೇಳಿದ್ರೆ ನಾನೂ ಬರ್ತಿದ್ದೆನಲ್ಲಕ್ಕ, ಹುಡುಕೋಕೆ," ಅಂದಳು. ಆಮೇಲೆ ಮಗುವಿನ ಮುಖ ಸೆರಗಿನಲ್ಲಿ ಮುಚ್ಚಿಕೊಂಡು, ಹಿಂತಿರುಗಿ ನೋಡದೆ ನಡೆದಳು.

ಠಾಣೆಯಲ್ಲಿ ದಸ್ತಗಿರಿ ಪತ್ರಕ್ಕೆ ಹೊಲಿಗೆಯವಳು ಸಹಿ ಹಾಕಿದಳು. ತಪ್ಪೊಪ್ಪಿಕೊಳ್ಳಲು ಅವಳನ್ನು ಯಾರೂ ಒತ್ತಾಯಿಸಬೇಕಾಗಿರಲಿಲ್ಲ. ಮೂರು ದಡದ ಪೊಲೀಸರು ಹೋದ ವರ್ಷ ಕೂತು ಆಡಿದ ಮಾತನ್ನು ನಾಲ್ಕು ವರ್ಷ ಮುಂಚೆ ಆಡಿದ್ದರೆ ಇವಳು ಈ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಅದರಿಂದ ಅವಳು ಮಾಡಿದ್ದು ಸರಿಯಾಗುವುದಿಲ್ಲ. ತನ್ನ ಕರುಳು ಉರಿಯಿತೆಂದು ಇನ್ನೊಬ್ಬಳ ಕರುಳಿಗೆ ಕೈ ಹಾಕಿದವಳು ಅವಳು. ನ್ಯಾಯಾಲಯ ಅವಳ ತಪ್ಪನ್ನು ಹೇಳುತ್ತದೆ, ಪೊಲೀಸರ ತಡವನ್ನು ಹೇಳುವುದಿಲ್ಲ.

ಹೆಂಗಸರ ಲಾಕಪ್ಪಿಗೆ ಕರೆದೊಯ್ಯಲು ಪೇದೆ ಎದ್ದಳು. ದಫೇದಾರಮ್ಮ ತಡೆದಳು. ಮೇಜಿನ ಖಾನೆಯಿಂದ ಹೊಸ ಹಾಳೆಗಳನ್ನು ತೆಗೆದು, ಬೇಡಿ ಬಿಚ್ಚಿಸಿ, ಎದುರಿನ ಕುರ್ಚಿಯಲ್ಲಿ ಕೂರಲು ಹೇಳಿದಳು. ಬೆಳಿಗ್ಗೆ ಲಾಂಡ್ರಿಯವಳು ಕೂತಿದ್ದ ಕುರ್ಚಿ. ಆರೋಪಿಯೇ ಫಿರ್ಯಾದಿ ಆಗಬಹುದೇ ಎಂದು ರೇಡಿಯೋ ಮೆಲ್ಲಗೆ ಕೇಳಿದ. ಸಾಹೇಬರು ಅವನನ್ನು ದುರುಗುಟ್ಟಿ ನೋಡಿ, ಬರ್ಕೊಳ್ಳಮ್ಮ ಎಂದು ದಫೇದಾರಮ್ಮನಿಗೆ ಹೇಳಿ, ಅಳಿವೆಯ ಆಚೆಯ ಠಾಣೆಗೆ ತಾವೇ ಫೋನು ಹಚ್ಚಿದರು.

"ಮಗಳ ಹೆಸರೇನು?"

ಹೊಲಿಗೆಯವಳು ಹೇಳಿದಳು. ಆ ಹೆಸರನ್ನು ಒಬ್ಬ ಪೊಲೀಸು ಬರೆದುಕೊಳ್ಳುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

"ವಯಸ್ಸು?"

"ಹದಿನೈದು. ಬರೋ ತಿಂಗಳಿಗೆ ಹದಿನಾರು."

"ಮೈಬಣ್ಣ? ಗುರುತು?"

ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಕಲೆ ಎಂದಳು. ಕೆಳಗಿನ ಮನೆಯಲ್ಲಿ ಆಟವಾಡುವಾಗ ಆದದ್ದು, ಲಾಂಡ್ರಿಯವಳೇ ಮುಲಾಮು ಹಚ್ಚಿದ್ದಳು.

"ಎತ್ತರ?"

ಅವಳು ಎದ್ದು ನಿಂತಳು. ಅಂಗೈಯನ್ನು ತನ್ನ ಎದೆಯ ಹತ್ತಿರ ಹಿಡಿದು, ಹೋಗುವಾಗ ಇಷ್ಟಿದ್ದಳು ಎಂದು ತೋರಿಸಿದಳು. ಆಮೇಲೆ ಕೈಯನ್ನು ಮೇಲೆ, ಭುಜದವರೆಗೆ ತಂದಳು. ಇನ್ನೂ ಸ್ವಲ್ಪ ಮೇಲೆ, ಕಿವಿಯವರೆಗೆ ತಂದು, ಅಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ದಫೇದಾರಮ್ಮನ ಮುಖ ನೋಡಿದಳು.

ದಫೇದಾರಮ್ಮ ಆ ಜಾಗವನ್ನು ಖಾಲಿ ಬಿಟ್ಟು, ಮುಂದಿನ ಪ್ರಶ್ನೆ ಕೇಳಿದಳು.